ಕಣ್ಣಿಗೆ ಹೂ, ಕಣ್ಣಲ್ಲಿ ಹೂ

ಅಡಕೆ ಕೊಯ್ಲು ಶುರುವಾದರೆ ಘಟ್ಟದ ಮೇಲಿನ ನಮ್ಮ ಊರುಗಳಲ್ಲಿ ಮನೆಗೊಬ್ಬರ ಕಣ್ಣು ಕೆಂಪು. ಸುಲಿಯುವಾಗ ಸಿಡಿದ ಸಿಪ್ಪೆಯ ನಾರು, ಅಡಕೆ ಬೇಯಿಸುವ ಹಂಡೆಯ ಹೊಗೆ, ಗದ್ದೆಗೆ ಹೋದರೆ ಭತ್ತದ ಗರಿ. ವರ್ಷವಿಡೀ ದೇವರ ತಲೆಗೆ ಹೂ ಕೊಡುವ ಹಿತ್ತಿಲ ನಂದಿಬಟ್ಟಲು ಆಗ ಮನುಷ್ಯರಿಗೂ ಬೇಕಾಗುತ್ತದೆ. ಸಂಜೆ ಕೊಯ್ದ ನಾಲ್ಕು ಹೂವನ್ನು ಬಟ್ಟಲ ನೀರಿನಲ್ಲಿ ಹಾಕಿ, ರಾತ್ರಿ ಅಂಗಳದಲ್ಲಿ ಇಬ್ಬನಿಗಿಟ್ಟು, ಬೆಳಗ್ಗೆ ಆ ನೀರಿನಿಂದ ಕಣ್ಣು ತೊಳೆಯುವುದು. ತಣ್ಣಗಾದ ಹೂವನ್ನು ಮುಚ್ಚಿದ ರೆಪ್ಪೆಯ ಮೇಲಿಟ್ಟುಕೊಂಡು ಜಗುಲಿಯಲ್ಲಿ ಮಲಗಿದ ಸುಖ ನನಗಿನ್ನೂ ನೆನಪಿದೆ. ಉರಿ ಇಳಿದದ್ದು ಹೂವಿನಿಂದಲೋ, ಎರಡು ದಿನ ಶಾಲೆಗೆ ಚಕ್ಕರ್ ಹೊಡೆದು ಕಣ್ಣು ಮುಚ್ಚಿಕೊಂಡು ಬಿದ್ದಿದ್ದರಿಂದಲೋ ಎಂದು ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಕನ್ನಡದಲ್ಲಿ ಇನ್ನೊಂದು ಹೂವೂ ಇದೆ. ಕಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಕಲೆ ಕಟ್ಟಿದರೆ ‘ಹೂ ಬಿದ್ದಿದೆ’ ಎನ್ನುತ್ತೇವೆ. ಗಾಜಿನಂತಿರಬೇಕಾದ ಕಾರ್ನಿಯಾ ಹುಣ್ಣಾಗಿ, ಮಾಯ್ದು, ಗಾಯದ ಗುರುತು ಉಳಿಸಿಕೊಂಡ ಸ್ಥಿತಿ ಅದು. ಕಣ್ಣಿಗಿಡುವ ಹೂವಿಗೂ ಕಣ್ಣಲ್ಲಿ ಬೀಳುವ ಹೂವಿಗೂ ನಡುವೆ ಇರುವ ದೂರ ಎಷ್ಟು ಎಂಬುದೇ ಈ ಲೇಖನದ ವಿಷಯ. ಕೆಲವೊಮ್ಮೆ ಅದು ಒಂದು ಹನಿಯಷ್ಟೇ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಮನೆಯ ಹಿತ್ತಿಲಿಗೆ ಹೋದರೂ ಕಣ್ಣಿನ ಮದ್ದಿಗೆ ಬರಗಾಲವಿಲ್ಲ. ಗರಗದ ರಸದಲ್ಲೋ ನಂದಿಬಟ್ಟಲ ರಸದಲ್ಲೋ ಬಟ್ಟೆ ನೆನೆಸಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯಲ್ಲಿ ಉರಿಸಿ, ಮೇಲೆ ಕವುಚಿದ ಹಿತ್ತಾಳೆ ತಟ್ಟೆಗೆ ಹಿಡಿದ ಮಸಿಯನ್ನು ತುಪ್ಪದಲ್ಲಿ ಕಲೆಸಿದರೆ ಕಾಡಿಗೆ. ಕಣ್ಣಿಗೆ ಕಸ ಬಿದ್ದರೆ ಕಾಮಕಸ್ತೂರಿ ಬೀಜ. ಒದ್ದೆಯಾದೊಡನೆ ಅದು ಲೋಳೆ ಕಟ್ಟಿಕೊಳ್ಳುತ್ತದೆ, ಧೂಳು ಆ ಲೋಳೆಗೆ ಅಂಟಿಕೊಂಡು ಹೊರಬರುತ್ತದೆ. ಇದರ ಹಿಂದೆ ರಸಾಯನಶಾಸ್ತ್ರಕ್ಕಿಂತ ಭೌತಶಾಸ್ತ್ರವೇ ಹೆಚ್ಚು. ಕಣ್ಣು ಉರಿದರೆ ‘ಉಷ್ಣ’ ಎಂದು ನೆತ್ತಿಗೆ ಹರಳೆಣ್ಣೆ, ರೆಪ್ಪೆಗೆ ಲೋಳೆಸರ. ಕಣ್ಣುಕುಟಿಕೆ ಎದ್ದರೆ ಬೆರಳನ್ನು ಅಂಗೈಗೆ ತಿಕ್ಕಿ ಬಿಸಿ ಮಾಡಿ ಒತ್ತುವುದು. ಇದಕ್ಕೆ ಗಿಡವೂ ಬೇಡ. ಇವತ್ತಿನ ಕಣ್ಣಿನ ಡಾಕ್ಟರೂ ಅದೇ ಬಿಸಿ ಶಾಖವನ್ನೇ ಹೇಳುತ್ತಾರೆ, ಬೆರಳಿನ ಬದಲು ಶುಭ್ರವಾದ ಬಟ್ಟೆಯಲ್ಲಿ.

ಇದನ್ನೆಲ್ಲ ಬರೆದಿಟ್ಟವರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳ ಗಾಂವಠಿ ಔಷಧಜ್ಞಾನವನ್ನು ಮಂಗಳೂರು ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು ದಾಖಲಿಸಿ 1995ರಲ್ಲಿ ಪ್ರಕಟಿಸಿದರು. ಜಿಲ್ಲೆಯಲ್ಲಿ ಚರ್ಮರೋಗಕ್ಕೆ ಬಳಸುವ ಗಿಡಗಳ ಬಗ್ಗೆ 2003ರಲ್ಲಿ ಅಂಥದೇ ಅಧ್ಯಯನ ಬಂತು. ಬೆಳಗಾವಿಯಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯೇ ಇದೆ. ಯಾವ ಗಿಡ, ಅದರ ಯಾವ ಭಾಗ, ಯಾವುದರಲ್ಲಿ ಅರೆದು, ಎಷ್ಟು ದಿನ ಎಂದು ಕೇಳಿ ಬರೆದುಕೊಳ್ಳುವ ಈ ಕೆಲಸಕ್ಕೆ ದೊಡ್ಡ ಬೆಲೆಯಿದೆ. ಹೇಳುವ ಹಿರಿಯರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದಾರೆ, ಕೇಳಬೇಕಾದ ಮೊಮ್ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಆದರೆ ಪಟ್ಟಿ ಪುರಾವೆಯಲ್ಲ. ‘ಹೀಗೆ ಬಳಸುತ್ತಾರೆ’ ಎಂಬ ವಾಕ್ಯ ಮೂರನೆಯ ಬಾಯಿಗೆ ಹೋಗುವಷ್ಟರಲ್ಲಿ ‘ಇದರಿಂದ ವಾಸಿಯಾಗುತ್ತದೆ’ ಎಂದಾಗಿಬಿಡುತ್ತದೆ. ಮೊಬೈಲ್ ಬಂದ ಮೇಲೆ ಮೂರನೆಯ ಬಾಯಿಯವರೆಗೆ ಕಾಯಬೇಕಾಗಿಯೂ ಇಲ್ಲ.

ತೊಡಕು ‘ಕಣ್ಣುಬೇನೆ’ ಎಂಬ ಪದದಲ್ಲೇ ಇದೆ. ಆ ಒಂದೇ ಚೀಲದಲ್ಲಿ ಹತ್ತು ರೋಗಗಳಿವೆ. ವೈರಸ್ಸಿನಿಂದ ಬರುವ ಸಾಮಾನ್ಯ ಕೆಂಗಣ್ಣು ಏನೂ ಮಾಡದಿದ್ದರೂ ವಾರ ಎರಡು ವಾರದಲ್ಲಿ ತಾನಾಗಿ ಹೋಗುತ್ತದೆ. ಆ ಹದಿನಾಲ್ಕು ದಿನದಲ್ಲಿ ಯಾವ ಸೊಪ್ಪಿನ ನೀರು ಹಾಕಿದ್ದರೂ ಕೀರ್ತಿ ಸೊಪ್ಪಿಗೇ. ಅದೇ ಕೆಂಪು ಕಾರ್ನಿಯಾದ ಹುಣ್ಣಿನದಾಗಿದ್ದರೆ, ಅಥವಾ ಕಣ್ಣೊಳಗಿನ ಒತ್ತಡ ದಿಢೀರನೆ ಏರಿದ ಗ್ಲಾಕೋಮಾದ್ದಾಗಿದ್ದರೆ, ಹದಿನಾಲ್ಕು ದಿನದಲ್ಲಿ ದೃಷ್ಟಿಯೇ ಹೋಗಬಹುದು. ಹೊರಗಿನಿಂದ ನೋಡಿದರೆ ಎರಡೂ ಕೆಂಪೇ.

ಶಾಸ್ತ್ರದ ಆಯುರ್ವೇದ ಈ ವ್ಯತ್ಯಾಸವನ್ನು ಬಲ್ಲದು. ಸುಶ್ರುತ ಸಂಹಿತೆಯ ಉತ್ತರತಂತ್ರ ಕಣ್ಣಿನ ರೋಗಗಳನ್ನು 76 ಎಂದು ಎಣಿಸಿ, ರೆಪ್ಪೆಯವು ಯಾವುವು, ಬಿಳಿಗುಡ್ಡೆಯವು ಯಾವುವು, ಕರಿಗುಡ್ಡೆಯವು ಯಾವುವು ಎಂದು ವಿಂಗಡಿಸುತ್ತದೆ. ಕೆಲವನ್ನು ಗುಣವಾಗದವು ಎಂದು ಮುಲಾಜಿಲ್ಲದೆ ಹೇಳುತ್ತದೆ. ಹನಿ ಬಿಡುವ ಆಶ್ಚ್ಯೋತನ, ಹಚ್ಚುವ ಅಂಜನ, ಕಣ್ಣಿನ ಸುತ್ತ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಔಷಧದ ತುಪ್ಪ ನಿಲ್ಲಿಸುವ ತರ್ಪಣ, ಎಲ್ಲಕ್ಕೂ ಹೊತ್ತು, ಪ್ರಮಾಣ, ನಿಷೇಧ ಇದೆ. ಸಿದ್ದಾಪುರದಲ್ಲೇ ಧನ್ವಂತರಿ ಆಯುರ್ವೇದ ಕಾಲೇಜು ಇದೆ. ಕಣ್ಣು, ಕಿವಿ, ಮೂಗು, ಗಂಟಲಿನ ಶಾಲಾಕ್ಯ ತಂತ್ರ ಅಂಥ ಕಾಲೇಜುಗಳಲ್ಲಿ ಓದಲೇಬೇಕಾದ ವಿಷಯ. ಹಾಗಾಗಿ ‘ನಮ್ಮ ಹಿರಿಯರು ಹಾಕುತ್ತಿದ್ದರು’ ಎಂದು ಬೇಲಿಯ ಸೊಪ್ಪನ್ನು ಹಿಂಡಿ ಕಣ್ಣಿಗೆ ಬಿಡುವವರು ಆಯುರ್ವೇದವನ್ನು ಸಾಕ್ಷಿಗೆ ಕರೆಯುವುದು ಅಷ್ಟು ಸರಿಯಲ್ಲ.

ಗಿಡದ ಸಾರ ಕಣ್ಣಿನ ಮದ್ದಾಗಲು ಇರುವ ಅಡ್ಡಿ ಏನು? ಕೆಸುವಿನ ಎಲೆಯ ಮೇಲೆ ನೀರು ಹಾಕಿ ನೋಡಿ. ಕಣ್ಣಿಗೆ ಬಿದ್ದ ಹನಿಯ ಪಾಡೂ ಹೆಚ್ಚು ಕಡಿಮೆ ಅದೇ. ಬಾಟಲಿಯಿಂದ ಬೀಳುವ ಒಂದು ಹನಿ 30ರಿಂದ 50 ಮೈಕ್ರೋಲೀಟರ್. ಕಣ್ಣಿನ ಮೇಲೆ ಸದಾ ಇರುವ ಕಣ್ಣೀರು 7 ಮೈಕ್ರೋಲೀಟರ್ ಆಸುಪಾಸು, ಹಿಗ್ಗಿಸಿದರೂ ಅಲ್ಲಿ ಹಿಡಿಯುವುದು 30. ಮಿಕ್ಕಿದ್ದು ಕೆನ್ನೆಗೆ. ಒಳಗೆ ನಿಂತದ್ದನ್ನು ಕಣ್ಣೀರು ಕೆಲವೇ ನಿಮಿಷದಲ್ಲಿ ಮೂಗಿನತ್ತ ತೊಳೆದು ಒಯ್ಯುತ್ತದೆ. ಹನಿ ಹಾಕಿಕೊಂಡ ಮೇಲೆ ಗಂಟಲು ಕಹಿಯಾಗುವುದು ಅದಕ್ಕೇ. ಉಳಿದದ್ದು ಕಾರ್ನಿಯಾವನ್ನು ದಾಟಬೇಕು. ಅರ್ಧ ಮಿಲಿಮೀಟರ್ ದಪ್ಪದ ಆ ಪರದೆಯ ಮೇಲ್ಪದರಕ್ಕೆ ಜಿಡ್ಡಿನಲ್ಲಿ ಕರಗುವ ವಸ್ತುವೇ ಇಷ್ಟ, ನಡುವಿನ ಪದರಕ್ಕೆ ನೀರಿನಲ್ಲಿ ಕರಗುವುದೇ ಇಷ್ಟ. ಎರಡನ್ನೂ ಒಲಿಸಿಕೊಂಡು ಒಳಗೆ ಸೇರುವುದು, ಕಾರ್ಖಾನೆಯಲ್ಲಿ ಅಳೆದು ತೂಗಿ ಮಾಡಿದ ಔಷಧದಲ್ಲೂ, ಶೇ 5ಕ್ಕಿಂತ ಕಡಿಮೆ. ಕಣ್ಣಿನ ಹಿಂಗೋಡೆಯ ರೆಟಿನಾದವರೆಗೆ ಹೋಗುವುದಂತೂ ಲೆಕ್ಕಕ್ಕಿಲ್ಲ. ಹೀಗಿರುವಾಗ ಪೊರೆ, ಗ್ಲಾಕೋಮಾ, ಸಕ್ಕರೆ ಕಾಯಿಲೆಯ ರೆಟಿನಾ ತೊಂದರೆಗೆಲ್ಲ ಒಂದೇ ಸೊಪ್ಪಿನ ಹನಿ ಎಂಬ ಮಾತಿಗೆ ಕಣ್ಣಿನ ರಚನೆಯೇ ಒಪ್ಪುವುದಿಲ್ಲ.

ಹಾಗೆಂದು ಗಿಡಗಳನ್ನು ಹಗುರ ಮಾಡುವಂತಿಲ್ಲ. ಕಣ್ಣಿನ ಡಾಕ್ಟರ ಮೇಜಿನ ಮೇಲೆ ಗಿಡಗಳು ಕುಳಿತು ನೂರೈವತ್ತು ವರ್ಷಕ್ಕೂ ಮೇಲಾಯಿತು. ಪರೀಕ್ಷೆಗೆ ಕುಳಿತಾಗ ಪಾಪೆ ಹಿಗ್ಗಲು ಹನಿ ಹಾಕುತ್ತಾರಲ್ಲ, ಆ ಕುಲದ ಮೂಲಪುರುಷ ಅಟ್ರೊಪಿನ್. ಅದು ಯುರೋಪಿನ ಬೆಲಡೋನಾ ಗಿಡದಲ್ಲಿ ಸಿಕ್ಕಿತು. ನಮ್ಮ ರಸ್ತೆ ಪಕ್ಕದ ಉಮ್ಮತ್ತಿಯಲ್ಲೂ ಅದೇ ಬಳಗದ ವಿಷಗಳಿವೆ. ಬೇಲಿ ಸವರುವಾಗ ಉಮ್ಮತ್ತಿಯ ರಸ ತಾಗಿದ ಕೈಯಲ್ಲಿ ಕಣ್ಣುಜ್ಜಿಕೊಂಡವರ ಒಂದು ಕಣ್ಣಿನ ಪಾಪೆ ಮಾತ್ರ ದೊಡ್ಡದಾಗಿ, ಹತ್ತಿರದ್ದೆಲ್ಲ ಮಂಜಾಗುತ್ತದೆ. ಮಿದುಳಿಗೇ ಏನೋ ಆಯಿತೆಂದು ಹೆದರುವಷ್ಟು. 1877ರಲ್ಲಿ ಗ್ಲಾಕೋಮಾಕ್ಕೆ ಬಳಕೆಗೆ ಬಂದ ಪೈಲೊಕಾರ್ಪಿನ್ ಬ್ರೆಜಿಲ್ಲಿನ ಜಬೊರಾಂಡಿ ಎಲೆಯದು. ಅದಕ್ಕಿಂತ ಒಂದು ವರ್ಷ ಮೊದಲು ಬಂದ ಫೈಸೊಸ್ಟಿಗ್ಮಿನ್ ಪಶ್ಚಿಮ ಆಫ್ರಿಕದ ಕಲಬಾರ್ ಅವರೆಯದು. ಅಲ್ಲಿನ ಜನ ಅದನ್ನು ಆರೋಪಿಗಳಿಗೆ ತಿನ್ನಿಸಿ ಸತ್ಯಪರೀಕ್ಷೆ ಮಾಡುತ್ತಿದ್ದರಂತೆ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲರ್ ಕಣ್ಣನ್ನು ಮರಗಟ್ಟಿಸಿ ಶಸ್ತ್ರಚಿಕಿತ್ಸೆ ಸಾಧ್ಯ ಎಂದು ತೋರಿಸಿದ್ದು ಕೋಕಾ ಎಲೆಯ ಕೊಕೇನಿನಿಂದ.

ಈ ಹಳಬರು ಇನ್ನೂ ನಿವೃತ್ತರಾಗಿಲ್ಲ. ನಲವತ್ತು ದಾಟಿದವರಿಗೆ ಹತ್ತಿರದ್ದು ಮಂಜಾಗುವ ದೋಷಕ್ಕೆ ಪೈಲೊಕಾರ್ಪಿನ್ ಹನಿಯನ್ನು ಅಮೆರಿಕ 2021ರಲ್ಲಿ ಒಪ್ಪಿತು. ಮಕ್ಕಳ ಕನ್ನಡಕದ ನಂಬರು ಏರದಂತೆ ತಡೆಯಲು ಶೇ 0.01ರಿಂದ 0.05ರಷ್ಟು ತೆಳುವಾದ ಅಟ್ರೊಪಿನ್ ಹನಿಯನ್ನು ಸಿಂಗಪುರ, ಹಾಂಗ್‌ಕಾಂಗ್‌ಗಳಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಆ ಸೊನ್ನೆಗಳನ್ನು ಗಮನಿಸಿ. ಇದೇ ಅಟ್ರೊಪಿನ್ ಶೇ 1ರ ಪ್ರಮಾಣದಲ್ಲಿ ಪಾಪೆಯನ್ನು ವಾರಗಟ್ಟಲೆ ಹಿಗ್ಗಿಸಿಡಬಲ್ಲದು; ಕೆಲವು ಹಿರಿಯರ ಕಣ್ಣಿನಲ್ಲಿ ಒತ್ತಡವನ್ನು ಒಮ್ಮೆಲೇ ಏರಿಸಿಯೂ ಬಿಡಬಹುದು. ಮದ್ದನ್ನೂ ವಿಷವನ್ನೂ ಬೇರೆ ಮಾಡಿದ್ದು ಆ ಸೊನ್ನೆಗಳೇ. ಉಮ್ಮತ್ತಿ ಗಿಡಕ್ಕೆ ಆ ಲೆಕ್ಕ ಗೊತ್ತಿಲ್ಲ. ಈ ಎಲೆಯಲ್ಲಿ ಒಂದು ಪ್ರಮಾಣ, ಆ ಕಾಯಿಯಲ್ಲಿ ಇನ್ನೊಂದು, ಮಳೆಗಾಲದಲ್ಲಿ ಮತ್ತೊಂದು.

ನಮ್ಮ ಕಾಡಿನಿಂದಲೂ ಇಂಥ ಒಂದು ಅಭ್ಯರ್ಥಿ ಹೊರಟಿತ್ತು: ಮರದರಿಶಿಣ. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ಮರಗಳನ್ನು ತಬ್ಬಿ ಏರುವ ದಪ್ಪ ಬಳ್ಳಿ, ಕತ್ತಿ ತಾಗಿಸಿದರೆ ಅರಿಶಿಣದಂಥ ಹಳದಿ. ಆ ಬಣ್ಣ ಬರ್ಬೆರಿನ್ ಎಂಬ ಕ್ಷಾರಾಭದ್ದು. ಹಿಮಾಲಯದ ದಾರುಹರಿದ್ರೆಯಲ್ಲೂ ಇರುವುದು ಇದೇ. ಹಾಗಾಗಿ ದಕ್ಷಿಣದ ವೈದ್ಯರು ಒಂದರ ಬದಲು ಇನ್ನೊಂದನ್ನು ಬಳಸುತ್ತ ಬಂದಿದ್ದಾರೆ. ದಾರುಹರಿದ್ರೆಯ ಕಷಾಯವನ್ನು ಗಟ್ಟಿಯಾಗುವವರೆಗೆ ಬತ್ತಿಸಿದರೆ ರಸಾಂಜನ. ‘ಸಾರ ತೆಗೆಯುವುದು’ ಪ್ರಯೋಗಾಲಯದವರ ಹೊಸ ವಿದ್ಯೆ ಎಂದುಕೊಂಡವರು ಈ ಹೆಸರನ್ನೊಮ್ಮೆ ಬಿಡಿಸಿ ನೋಡಬೇಕು: ರಸದಿಂದ ಮಾಡಿದ ಅಂಜನ. ಬರ್ಬೆರಿನ್ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. 1982ರಲ್ಲಿ ಭಾರತದ ನೇತ್ರವೈದ್ಯರು ಟ್ರಕೋಮಾ ಎಂಬ ಬ್ಯಾಕ್ಟೀರಿಯಾದ ಅಂಟು ಕಣ್ಣುರೋಗದವರಿಗೆ ಶುದ್ಧ ಬರ್ಬೆರಿನ್ ಹನಿ ಹಾಕಿ ನೋಡಿದರು. ಸಲ್ಫಾಸಿಟಮೈಡ್ ಎಂಬ ಆಗಿನ ರೂಢಿಯ ಹನಿಯ ಜೊತೆ ಹೋಲಿಸಿಯೂ ನೋಡಿದರು. ಫಲಿತಾಂಶ ಉತ್ಸಾಹ ತರುವಂತೆಯೇ ಇತ್ತು.

ಆಮೇಲೆ? ಆಮೇಲಿನ ಕಥೆಯನ್ನು ಬೇರೆಯವರು ಬರೆದರು. ಒಂದೇ ಗುಟುಕಿಗೆ ಕೆಲಸ ಮಾಡುವ ಅಜಿತ್ರೊಮೈಸಿನ್ ಬಂತು, ಊರಿಗೆ ನಲ್ಲಿ ಬಂತು, ಮಕ್ಕಳ ಮುಖ ತೊಳೆಸುವುದೇ ಚಿಕಿತ್ಸೆಯ ಭಾಗವಾಯಿತು. ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಭಾರತದಲ್ಲಿ ಟ್ರಕೋಮಾ ಕೊನೆಗೊಂಡಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರಿನಲ್ಲಿ ಘೋಷಿಸಿತು. ಬರ್ಬೆರಿನ್ ಸೋತಿತೆಂದಲ್ಲ. ಓಟದ ನಡುವೆ ಅದರ ಬೆನ್ನಿಗೆ ನಿಲ್ಲುವವರು ಯಾರೂ ಇರಲಿಲ್ಲ. ಪೇಟೆಂಟ್ ಸಿಗದ ಹಳೆಯ ವಸ್ತುವಿಗೆ ಸಾವಿರಾರು ರೋಗಿಗಳ ದುಬಾರಿ ಪರೀಕ್ಷೆ ಮಾಡಿಸಲು ಯಾವ ಕಂಪನಿಗೂ ಲಾಭವಿಲ್ಲ. ಸಸ್ಯಮೂಲದ ಮದ್ದುಗಳ ಬಗ್ಗೆ ನನಗಿರುವ ಸಿಟ್ಟು ಇಲ್ಲಿಯದು. ‘ಆಶಾದಾಯಕ’ ಎಂದು ಮುಗಿಯುವ ಪ್ರಬಂಧಗಳು ರಾಶಿ ರಾಶಿ, ಆಶೆಯನ್ನು ಹಿಡಿದು ಕೊನೆಮುಟ್ಟಿಸುವ ಕೆಲಸ ಮಾತ್ರ ಸರ್ಕಾರದ್ದೂ ಅಲ್ಲ, ಕಂಪನಿಯದ್ದೂ ಅಲ್ಲ.

ಇನ್ನೊಂದು ಭಯವೂ ಇದೆ. ನಾಳೆ ಯಾರಾದರೂ ಮರದರಿಶಿಣದ ಹನಿಯನ್ನು ಗೆಲ್ಲಿಸಿದರು ಎನ್ನಿ, ಬಳ್ಳಿ ಎಲ್ಲಿದೆ? ಬೆಳೆದು ಹೂ ಬಿಡಲು ಹತ್ತಾರು ವರ್ಷ, ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ, ಕೊಯ್ಯುವವರಿಗೆ ಬೇಕಾದದ್ದು ಕಾಂಡವೇ. ಅಳಿವಿನ ಅಂಚಿನ ಪಟ್ಟಿಯಲ್ಲಿ ಅದರ ಹೆಸರಿದೆ. 1990ರ ದಶಕದಲ್ಲಿ ಅರಣ್ಯ ಇಲಾಖೆಯೂ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯೂ ಸೇರಿ ರಾಜ್ಯದ ಹಲವೆಡೆ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿದವು. ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟದ್ದು ಅದರಲ್ಲೊಂದು. ಸಾರದ ಸಂತೆ ಹೇಗಿರುತ್ತದೆಂದು ಈ ತಾಲೂಕುಗಳು ಉಪ್ಪಾಗೆ ಎಂಬ ಹುಳಿಕಾಯಿಯಲ್ಲಿ ಕಂಡಿವೆ. ಸಿಪ್ಪೆಯ ಸಾರದಿಂದ ಬೊಜ್ಜು ಕರಗುತ್ತದೆಂಬ ಸುದ್ದಿ ಹಬ್ಬಿ ವಿದೇಶದಿಂದ ಬೇಡಿಕೆ ಏರಿದಾಗ ಕಾಯಿ ಮಾಗುವವರೆಗೂ ತಾಳ್ಮೆ ಉಳಿಯಲಿಲ್ಲ, ಕೊಂಬೆಗಳೇ ನೆಲಕ್ಕೆ ಬಂದವು. 1998ರಲ್ಲಿ ಅಮೆರಿಕದ ಪ್ರಮುಖ ವೈದ್ಯಪತ್ರಿಕೆಯಲ್ಲಿ ಬಂದ ಪರೀಕ್ಷೆ, ಆ ಸಾರ ನುಂಗಿದವರ ತೂಕ ಹುಸಿಗುಳಿಗೆ ನುಂಗಿದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ ಎಂದಿತು. ನಾವು ಅದನ್ನು ಮೊದಲಿನಂತೆ ಮೀನಿಗೂ ಸಾರಿಗೂ ಹುಳಿಯಾಗಿ ಹಾಕುತ್ತಿದ್ದೇವೆ, ಅಲ್ಲಿ ಅದು ಯಾವತ್ತೂ ಕೈ ಕೊಟ್ಟಿಲ್ಲ.

ಬೆಟ್ಟದ ನೆಲ್ಲಿಯದು ಕೊಂಚ ಸಮಾಧಾನದ ಕಥೆ. ಸಕ್ಕರೆ ಕಾಯಿಲೆಯವರಿಗೆ ಪೊರೆ ಬೇಗ ಬರುತ್ತದೆ. ರಕ್ತದಲ್ಲಿ ಹೆಚ್ಚಾದ ಗ್ಲುಕೋಸನ್ನು ಕಣ್ಣಿನ ಮಸೂರದೊಳಗಿನ ಆಲ್ಡೋಸ್ ರಿಡಕ್ಟೇಸ್ ಎಂಬ ಕಿಣ್ವ ಸಾರ್ಬಿಟಾಲ್ ಆಗಿ ಬದಲಿಸುತ್ತದೆ. ಸಾರ್ಬಿಟಾಲ್‌ಗೆ ಹೊರಗೆ ಹೋಗಲು ದಾರಿಯಿಲ್ಲ, ಅದು ನೀರೆಳೆದುಕೊಳ್ಳುತ್ತದೆ, ಮಸೂರ ಮಬ್ಬಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ನೆಲ್ಲಿಯ ಟ್ಯಾನಿನ್ ಅಂಶ ಈ ಕಿಣ್ವವನ್ನು ತಡೆಯುತ್ತದೆಂದು ಕಂಡುಕೊಂಡರು; ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಿಗೆ ಆಹಾರದಲ್ಲಿ ನೆಲ್ಲಿ ಕೊಟ್ಟಾಗ ಪೊರೆ ತಡವಾಗಿ ಬಂತೆಂದು 2007ರಲ್ಲಿ ವರದಿ ಮಾಡಿದರು. ಅರಿಶಿಣದಲ್ಲೂ ಅವರಿಗೆ ಅಂಥದೇ ಫಲ ಸಿಕ್ಕಿತ್ತು. ಇಲ್ಲಿ ಎರಡು ಪದಕ್ಕೆ ಗೆರೆ ಎಳೆಯಬೇಕು: ‘ಇಲಿ’ ಮತ್ತು ‘ತಡವಾಗಿ’. ಬಂದ ಪೊರೆಯನ್ನು ಕರಗಿಸುವ ಹನಿ ಗಿಡದ್ದೂ ಇಲ್ಲ, ಕಾರ್ಖಾನೆಯದ್ದೂ ಇಲ್ಲ. ಅದಕ್ಕೆ ಇರುವುದು ಕತ್ತರಿ ಮತ್ತು ಕೃತಕ ಮಸೂರ. ಊರೂರು ತಿರುಗಿ ಶಿಬಿರ ಹಾಕಿ ಪೊರೆ ತೆಗೆದ ಡಾ. ಎಂ.ಸಿ. ಮೋದಿಯವರ ನಾಡು ಇದು. ಇಲ್ಲಿಯೂ ಪೊರೆ ‘ಹಣ್ಣಾಗಲಿ’ ಎಂದು ಸೊಪ್ಪಿನ ರಸ ಬಿಡುತ್ತ ಕೂರುವವರಿದ್ದಾರೆ. 2015ರಿಂದ 2019ರ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯಲ್ಲಿ 50 ದಾಟಿದವರ ಅಂಧತ್ವದ ಶೇ 66.2ಕ್ಕೆ ಪೊರೆಯೇ ಕಾರಣವಾಗಿತ್ತು. ಐವತ್ತರೊಳಗಿನವರಲ್ಲಿ ಮೊದಲ ಸ್ಥಾನ ಕಾರ್ನಿಯಾದ ಕಲೆಗೆ, ಅಂದರೆ ನಮ್ಮ ಆ ‘ಹೂವಿಗೆ’.

ಈ ಹೂ ಬೀಳುವುದು ಹೇಗೆ? ಕಾರ್ನಿಯಾಕ್ಕೆ ರಕ್ತನಾಳಗಳಿಲ್ಲ. ಚರ್ಮದ ಗಾಯಕ್ಕೆ ಸೊಪ್ಪು ಅರೆದು ಕಟ್ಟಿದಾಗ ಒಳಗಿನಿಂದ ರಕ್ತ ಓಡಿಬಂದು ಕ್ರಿಮಿಯೊಡನೆ ಕಾದಾಡುತ್ತದೆ. ಕಣ್ಣಿನ ಕಿಟಕಿಗೆ ಆ ಕಾವಲು ತಡವಾಗಿ ಸಿಗುತ್ತದೆ. ಭತ್ತದ ಗರಿ ಗೀರಿದ ಜಾಗದಲ್ಲಿ ಮಣ್ಣಿನ ಶಿಲೀಂಧ್ರ ಬೇರೂರುತ್ತದೆ. ಅದರ ಮೇಲೆ ಬಚ್ಚಲ ಪಕ್ಕ ಕಿತ್ತು, ತೊಳೆಯದ ಕಲ್ಲಿನಲ್ಲಿ ಅರೆದ ಎಲೆಯ ರಸ ಬಿತ್ತೆಂದರೆ ಬೀಜಕ್ಕೆ ಗೊಬ್ಬರ ಹಾಕಿದಂತೆ. ಇಬ್ಬನಿಗಿಟ್ಟ ನನ್ನ ಬಟ್ಟಲ ನೀರೂ ಕಣ್ಣಿಗೆ ಶುದ್ಧವಾಗಿತ್ತೆಂದು ನಾನೀಗ ಹೇಳಲಾರೆ. ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಯ ವೈದ್ಯರು ಕಾರ್ನಿಯಾ ಹುಣ್ಣಿನ ರೋಗಿಗಳನ್ನು ವಿಚಾರಿಸಿ 1999ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ನಾಟಿ ಮದ್ದು ಹಾಕಿಕೊಂಡೇ ಬಂದಿದ್ದರು. ಎಕ್ಕದ ಹಾಲು ಇನ್ನೂ ಮೋಸಗಾರ. ಕಣ್ಣಿಗೆ ಸಿಡಿದರೆ ನೋವೇ ಇರದಿರಬಹುದು, ಕಾರ್ನಿಯಾದ ಒಳಪದರ ಕೆಟ್ಟು ನೋಟ ಮಾತ್ರ ಮಂಜಾಗುತ್ತದೆ. ಹಾಗೆಂದು ಕೊಳಕು ಹಳ್ಳಿಯ ಸೊತ್ತೇನಲ್ಲ. ಚೆನ್ನೈ ಬಳಿಯ ಕಾರ್ಖಾನೆಯೊಂದರ ಕೃತಕ ಕಣ್ಣೀರಿನ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಸೇರಿ ಅಮೆರಿಕದಲ್ಲಿ ಜನ ದೃಷ್ಟಿ ಕಳೆದುಕೊಂಡ ಸುದ್ದಿ 2023ರದ್ದು. ಕಣ್ಣಿಗೆ ಬಿಡುವ ಹನಿ ಎಲ್ಲಿಯದಾದರೂ ಸರಿ, ಕ್ರಿಮಿರಹಿತವಾಗಿರಬೇಕು.

ನಮ್ಮ ಕಡೆ ‘ಮದ್ದು’ ಎಂದರೆ ಅಡಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವೂ ಹೌದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮರದ ಮೇಲೆ ಹೊಡೆಯುವಾಗ ಕೆಳಗೆ ನಿಂತವರ ಕಣ್ಣಿಗೂ ಮದ್ದು ಬೀಳುತ್ತದೆ. ಇದರಲ್ಲಿ ಹೆಚ್ಚು ಹೆದರಬೇಕಾದದ್ದು ಸುಣ್ಣಕ್ಕೆ. ಕ್ಷಾರ ಅಲ್ಲೇ ನಿಲ್ಲುವುದಿಲ್ಲ, ಕೊರೆಯುತ್ತ ಒಳಗಿಳಿಯುತ್ತದೆ. ತಂಪಾಗಲೆಂದು ಹಾಲು, ಬೆಣ್ಣೆ, ಹೂವಿನ ರಸ ಹುಡುಕುತ್ತ ಕಳೆಯುವ ಹತ್ತು ನಿಮಿಷವೇ ಆ ಕಣ್ಣಿನ ಹಣೆಬರಹ ಬರೆಯುತ್ತದೆ. ಬೇಕಾದದ್ದು ಚೊಕ್ಕ ನೀರು, ರೆಪ್ಪೆ ಬಿಡಿಸಿಕೊಂಡು ಕಾಲು ಗಂಟೆಯಿಂದ ಅರ್ಧ ಗಂಟೆ ಸುರಿಯುವುದು, ಸುಣ್ಣದ ಹರಳಿದ್ದರೆ ತೆಗೆಯುವುದು, ಆಮೇಲೆ ನೇರ ಆಸ್ಪತ್ರೆ. ತೋಟದಲ್ಲಿ ನೀರಿಗೇನು ಬಡತನ?

ಹಾಗಾದರೆ ಹಿತ್ತಿಲು ಕಣ್ಣಿಗೆ ಏನೂ ಅಲ್ಲವೇ? ಅದರ ದಾರಿ ಬೇರೆ, ಅಷ್ಟೆ. ಅದು ಹೋಗುವುದು ಹೊಟ್ಟೆಯ ಮೂಲಕ. ರೆಟಿನಾದ ನಡುಭಾಗದ ಹಳದಿ ಬಣ್ಣಕ್ಕೆ ಕಾರಣವಾದ ಲ್ಯೂಟಿನ್, ಜಿಯಾಕ್ಸಾಂಥಿನ್‌ಗಳನ್ನು ನಮ್ಮ ದೇಹ ತಾನಾಗಿ ತಯಾರಿಸಲಾರದು, ತಿಂದೇ ಪಡೆಯಬೇಕು. ಅಮೆರಿಕದಲ್ಲಿ 4,203 ಜನರ ಮೇಲೆ ನಡೆದು 2013ರಲ್ಲಿ ಹೊರಬಂದ ದೊಡ್ಡ ಪರೀಕ್ಷೆಯ ನಂತರ, ಮುಪ್ಪಿನ ರೆಟಿನಾ ಸವೆತಕ್ಕೆ ಕೊಡುವ ಗುಳಿಗೆಯಲ್ಲಿ ಬೀಟಾ ಕ್ಯಾರೊಟಿನ್ ಬದಲು ಇವೆರಡು ಬಂದವು. ಆ ಗುಳಿಗೆಯ ಲ್ಯೂಟಿನ್ ಹೆಚ್ಚಾಗಿ ಚೆಂಡುಹೂವಿನದು. ಗುಂಡ್ಲುಪೇಟೆ ಕಡೆ ಹೊಲಗಟ್ಟಲೆ ಹಳದಿ ಹಬ್ಬಿಸಿ ಬೆಳೆಯುವ ಚೆಂಡುಹೂವು ಮಾಲೆಗಿಂತ ಹೆಚ್ಚಾಗಿ ಸಾರ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಕಣ್ಣಿಗೆ ಹೂ ಎಂದರೆ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ರೋಗ ಒಂದು ಹಂತ ಮುಟ್ಟಿದವರಿಗೆ ಅದು ಮುಂದುವರಿಯುವುದನ್ನು ಈ ಗುಳಿಗೆ ನಿಧಾನ ಮಾಡುತ್ತದೆ. ಕಣ್ಣು ಚೆನ್ನಾಗಿರುವವರು ನುಂಗಿದರೆ ಔಷಧಿ ಅಂಗಡಿಗೆ ಲಾಭ.

ಅವರಿಗೆ ಹಳ್ಳದಂಚಿನ ಹೊನಗೊನ್ನೆ ಸಾಕು. ಇರುಳುಗಣ್ಣಿಗೆ ಹೊನಗೊನ್ನೆ ಎಂದ ಹಿರಿಯರಿಗೆ ವಿಟಮಿನ್ ಎ ಎಂಬ ಹೆಸರು ಗೊತ್ತಿರಲಿಲ್ಲ, ಲೆಕ್ಕ ಮಾತ್ರ ತಪ್ಪಿರಲಿಲ್ಲ. ಸೊಪ್ಪಿನ ಹಸಿರಿನ ಹಿಂದೆ ಅಡಗಿರುವ ಕ್ಯಾರೊಟಿನ್ ದೇಹದೊಳಗೆ ವಿಟಮಿನ್ ಎ ಆಗುತ್ತದೆ; ಆ ವಿಟಮಿನ್ನಿನ ಕೊರತೆಯಿಂದ ಮಕ್ಕಳು ಕುರುಡಾಗುವುದನ್ನು ತಡೆಯಲು ದೇಶ 1970ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನೇ ಶುರುಮಾಡಬೇಕಾಯಿತು. ಸೊಪ್ಪನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ನಾಲ್ಕು ಕಾಳುಮೆಣಸು, ಹಿಡಿ ಕಾಯಿತುರಿ ಹಾಕಿ ರುಬ್ಬಿ, ಹುಳಿಯಾಗದ ಮಜ್ಜಿಗೆಯಲ್ಲಿ ಕಲಸಿದರೆ ತಂಬುಳಿ. ಆ ತುಪ್ಪವನ್ನು ‘ಡಯಟ್’ ಎಂದು ಬಿಡಬೇಡಿ. ಕ್ಯಾರೊಟಿನ್ ಜಿಡ್ಡಿನಲ್ಲಿ ಮಾತ್ರ ಕರಗುತ್ತದೆ.